ಮುಳುಗಿದ ಜಾಲಿಮರಗಳ ಮೇಲೆ ಒಂದು ದೋಣಿ

ನಮ್ಮೂರ ಕೆರೆಯ ತಳ ನನಗೆ ಚೆನ್ನಾಗಿ ಗೊತ್ತು. ಕೆರೆ ತುಂಬಿದ ವರ್ಷ ಊರಿಗೆ ಊರೇ ಕಟ್ಟೆಯ ಮೇಲೆ ನಿಂತು ನೀರು ನೋಡಿ ಹಿಗ್ಗುತ್ತಿದ್ದರೆ ನಾನು ಆ ನೀರಿನ ಅಡಿಯಲ್ಲಿ ಏನೇನಿದೆ ಎಂದು ನೆನೆದು ಹೆದರುತ್ತಿದ್ದೆ.

ಬೂದಿಕೋಟೆ ರಸ್ತೆಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ನಮ್ಮೂರು. ನಾನು ಬೆಳೆದ ಕಾಲಕ್ಕೆ ಕೆರೆ ಎನ್ನುವುದು ಹೆಸರಿಗೆ ಮಾತ್ರ ಇತ್ತು. ಅದರ ಅಂಗಳದ ತುಂಬ ಸೀಮೆಜಾಲಿ ಬೆಳೆದು ಕಾಡಾಗಿತ್ತು. ನಾನೂ ನನ್ನ ತಮ್ಮನೂ ಅದರೊಳಗೆ ಮೇಕೆ ಮೇಯಿಸಿದ್ದೇವೆ, ಸೌದೆ ಕಡಿದಿದ್ದೇವೆ, ಅಡ್ಡಹಾದಿ ಹಿಡಿದು ಸ್ಕೂಲಿಗೆ ಹೋಗಿದ್ದೇವೆ. ಇಟ್ಟಿಗೆಗೂಡಿನವರು ಮಣ್ಣು ತೆಗೆದ ಗುಂಡಿಗಳು ಒಂದು ಮೂಲೆಯಲ್ಲಿದ್ದವು. ನಡುಮಧ್ಯದಲ್ಲಿ ಯಾರೋ ಹಿಂದಿನವರು ತೋಡಿಸಿ ಕೈಬಿಟ್ಟ ಕಲ್ಲುಬಾವಿ. ಅದರ ಹತ್ತಿರ ಹೋದರೆ ಅವ್ವ ಬೆನ್ನು ಮುರಿಯುತ್ತಿದ್ದಳು. ನೀರು ಬಂದಾಗ ಇದೆಲ್ಲ ಇದ್ದ ಹಾಗೆಯೇ ಮುಳುಗಿತು. ಮರ ಕಡಿಸಬೇಕೆಂದು ಯಾರಿಗೂ ತೋಚಲಿಲ್ಲ. ಕೆರೆ ನಿಜವಾಗಿ ತುಂಬುತ್ತದೆಂದು ಯಾರು ತಾನೆ ನಂಬಿದ್ದರು? ಕೆಲವು ಜಾಲಿಯ ತುದಿಗಳು ನೀರಿನ ಮೇಲೆ ಒಣಗಿ ಬೆಳ್ಳಗೆ ಎದ್ದು ಕಾಣುತ್ತಿದ್ದವು. ಕಾಣುವುದಕ್ಕಿಂತ ಕಾಣದೆ ಇದ್ದದ್ದೇ ಹೆಚ್ಚು.

ಊರಿನ ಕೆಲವು ಕುಟುಂಬಗಳು ಸೇರಿ ಮೀನು ಹಿಡಿಯುವ ಹಕ್ಕು ಪಡೆದು ಕೆರೆಗೆ ಮೀನಿನ ಮರಿ ಬಿಟ್ಟರು. ಬಂಗಾರಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ ನನ್ನ ತಮ್ಮನೂ ಅವರ ಜೊತೆ ಸೇರಿಕೊಂಡ. ದೋಣಿ ಎಲ್ಲಿಂದ ಬರಬೇಕು? ಲಾರಿ ಚಕ್ರದ ಟ್ಯೂಬಿಗೆ ಗಾಳಿ ತುಂಬಿ, ಮೇಲೊಂದು ಹಲಗೆ ಕಟ್ಟಿ, ಅದರ ಮೇಲೆ ಕೂತು, ಎರಡೂ ಅಂಗೈಗೆ ಹವಾಯಿ ಚಪ್ಪಲಿ ಹಾಕಿಕೊಂಡು ನೀರು ತಳ್ಳುತ್ತ ಹೋಗುವುದು. ಬಲೆ ಮಡಿಲಲ್ಲಿ, ಕಾಲು ನೀರಲ್ಲಿ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಆಮೇಲೆ ಯಾವತ್ತೂ ನಗು ಬರಲಿಲ್ಲ.

ನಾನು ಬಂಗಾರಪೇಟೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಇರುವುದು ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಹಳೆಯ ಲೈನಿನಲ್ಲಿ, ಅಂದರೆ ಗಣಿ ಕೆಲಸದವರಿಗೆಂದು ಕಟ್ಟಿದ ಸಾಲುಮನೆಯಲ್ಲಿ, ಬಾಡಿಗೆಗೆ. ಭಾನುವಾರ ಊರಿಗೆ ಹೋಗಿ ಅವ್ವನನ್ನು ನೋಡಿಕೊಂಡು ಬರುವುದು ವಾಡಿಕೆ. ಅಂಥ ಒಂದು ಭಾನುವಾರ ಮಧ್ಯಾಹ್ನ ತಮ್ಮನ ಹೆಂಡತಿಯ ಜೊತೆ ಅವನಿಗೆ ಊಟ ತೆಗೆದುಕೊಂಡು ಕಟ್ಟೆಗೆ ಹೋಗಿದ್ದೆ. ಅವನು ದಡದಿಂದ ಬಹಳ ದೂರವೇನೂ ಇರಲಿಲ್ಲ. ನಮ್ಮನ್ನು ನೋಡಿ ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ಓರೆಯಾಯಿತು. ಟ್ಯೂಬಿಗೆ ಮುಳ್ಳು ತಗುಲಿತ್ತು. ಸದ್ದೇನೂ ಕೇಳಲಿಲ್ಲ, ಸುಮ್ಮನೆ ಕುಸಿಯಿತು. ಅವನಿಗೆ ಈಜು ಬರುತ್ತದೆ. ಆದರೆ ಮಡಿಲಿನ ಬಲೆ ಬಿಚ್ಚಿಕೊಂಡು ಕಾಲಿಗೆ ಸುತ್ತಿಕೊಂಡಿತು. ತಲೆ ಕಾಣಿಸಿತು, ಮುಳುಗಿತು, ಮತ್ತೆ ಕಾಣಿಸಿತು. ನನ್ನ ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಬಾಯಿ ತೆರೆದಿದ್ದಳು, ದನಿ ಮಾತ್ರ ಬರಲಿಲ್ಲ. ನಾನು ಊಟದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದೆ. ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಸರಿಯಲೂ ಆಗಲಿಲ್ಲ.

ಅವನನ್ನು ಉಳಿಸಿದ್ದೂ ಒಂದು ಜಾಲಿಮರವೇ. ನೀರಿನ ಮೇಲೆ ಎದ್ದಿದ್ದ ಒಣಗಿದ ತುದಿಯೊಂದನ್ನು ತಬ್ಬಿಕೊಂಡ. ಜೊತೆಯವನೊಬ್ಬ ತನ್ನ ಟ್ಯೂಬು ತಂದು, ಕುಡುಗೋಲಿನಿಂದ ಬಲೆ ಕೊಯ್ದು ಅವನನ್ನು ಎಳೆದು ತಂದ. ದಡಕ್ಕೆ ಬಂದಾಗ ಅಂಗೈ, ಎದೆ, ಗಲ್ಲ ಎಲ್ಲ ಮುಳ್ಳು ಪರಚಿ ರಕ್ತ.

"ಏನೂ ಆಗಿಲ್ಲ ಕಣಕ್ಕ. ಯಾಕಂಗೆ ನೋಡ್ತೀಯ?" ಎಂದ.

"ಇನ್ಮೇಲೆ ನೀರಿಗೆ ಇಳೀಬ್ಯಾಡ ಕಣ್ಲಾ," ಎಂದೆ.

"ಇಳೀದೆ ಇದ್ರೆ ಮೀನು ತಾನಾಗೇ ಕಟ್ಟೆ ಅತ್ಕೊಂಡು ಬತ್ತದಾ?" ಎಂದು ನಕ್ಕ. ನಗುವಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಚಳಿಗೆ ಎಂದುಕೊಂಡೆ. ಬಿಸಿಲು ಚುರುಗುಟ್ಟುತ್ತಿತ್ತು.

ಆ ದಿನದಿಂದ ನನಗೊಂದು ರೋಗ ಹಿಡಿದ ಹಾಗಾಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಫೋನು ಗುರ್ ಎಂದರೆ ಸಾಕು, ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು. ಬಟ್ಟೆ ಒಗೆಯಲು ಬಕೆಟ್ಟಿನ ನೀರಿಗೆ ಕೈ ಇಟ್ಟರೆ ತಳದಲ್ಲಿ ಏನೋ ಇದೆ ಅನ್ನಿಸಿ ಕೈ ಹಿಂದೆಗೆಯುತ್ತಿದ್ದೆ. ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ, "ಅವನೇನು ಚಿಕ್ಕ ಮಗುವಾ?" ಎನ್ನುತ್ತಿದ್ದರು.

ಕಡೆಗೆ ಹೇಳಿದ್ದು ಪಕ್ಕದ ಮನೆಯ ಪಾಟಿಗೆ. ತಮಿಳಿನಲ್ಲಿ ಪಾಟಿ ಎಂದರೆ ಅಜ್ಜಿ. ನಮ್ಮ ಲೈನಿನಲ್ಲಿ ಎಲ್ಲರಿಗೂ ಅವಳು ಪಾಟಿಯೇ. ಗಂಡ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು. ಗಣಿಯಲ್ಲಿ ಅವನಿಗೆ ಏನೂ ಆಗಲಿಲ್ಲ, ಎಷ್ಟೋ ವರ್ಷದ ನಂತರ ಮನೆಯ ಮಂಚದ ಮೇಲೆ ತೀರಿಕೊಂಡ. ನಾನು ಕೆರೆಯ ಕಥೆ ಹೇಳಿ ಮುಗಿಸಿದಾಗ ಪಾಟಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಅವಳ ಕನ್ನಡದಲ್ಲಿ ತಮಿಳೂ ತೆಲುಗೂ ಕಲಸಿಕೊಂಡಿರುತ್ತದೆ.

"ಶಿಫ್ಟ್ ಮುಗಿಯೋ ತನಕ ನಂಗೆ ಗಂಟಲಲ್ಲಿ ಸೋರು, ಅನ್ನ, ಇಳೀತಿರ್ಲಿಲ್ಲ ಕಣಮ್ಮ. ಗಣೀಲಿ ಏನೋ ಆಯ್ತು ಅಂತ ಸೈರನ್ ಕೂಗಿದ್ರೆ ಕೈಲಿರೋ ಹಿಟ್ಟು ಹಿಟ್ಟಾಗೇ ಓಡ್ತಿದ್ವಿ, ಲೈನಿನ ಹೆಂಗಸ್ರೆಲ್ಲ. ಮೇಲೆ ನಿಂತ್ಕೊಂಡು ಕಾಯೋದು. ಕೆಳಗೆ ಇರೋನಿಗೆ ಕೆಲ್ಸ ಇರುತ್ತೆ. ಮೇಲೆ ಇರೋಳಿಗೆ ಏನಿರುತ್ತೆ? ಬಯಂ ಒಂದೇ."

"ನೀವು ಏನ್ಮಾಡ್ತಿದ್ರಿ ಪಾಟಿ?"

"ಏನ್ ಮಾಡೋದು? ಯಾರ್ದಾದ್ರೂ ಮನೇಲಿ ಸಾವಾದ್ರೆ ಲೈನಲ್ಲಿ ಎಲ್ರೂ ಚಂದಾ ಎತ್ತೋದು." ಮತ್ತೆ ಸೊಪ್ಪಿಗೆ ಕೈ ಹಾಕುತ್ತ ಕೇಳಿದಳು, "ಸತ್ತ ಮೇಲೇ ಯಾಕೆ ಎತ್ಬೇಕು? ಮೊದ್ಲೇ ಎತ್ತಿದ್ರೆ ಆಗಲ್ವಾ? ಒಂದು ಬೋಟು ಎಷ್ಟಾಗುತ್ತೆ, ಕೇಳು."

ಹೀಗೆ ಶುರುವಾಯಿತು. ಊರಿನಲ್ಲಿ ಮೀನು ಹಿಡಿಯುವ ಮನೆಗಳವರು ತಮ್ಮ ಕೈಲಾದಷ್ಟು ಹಾಕುತ್ತೇವೆಂದರು, ಸಾಲದೆ ಬರುವುದನ್ನು ನಾವು ಎತ್ತಬೇಕು. ಪಾಟಿ ಮುಂದೆ, ನಾನು ಹಿಂದೆ, ನಂದಿದುರ್ಗದ ಲೈನುಗಳನ್ನು ಬಾಗಿಲು ಬಾಗಿಲಿಗೆ ಸುತ್ತಿದೆವು. ಜನಕ್ಕೆ ಮೊದಲು ಅರ್ಥವೇ ಆಗುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬರುವ ದಿನ ಕೊಡ ಸಾಲಿಗಿಟ್ಟು ಕಾಯುವವರ ಹತ್ತಿರ ಹೋಗಿ ದೋಣಿಗೆ ಚಂದಾ ಕೊಡಿ ಎಂದರೆ ಹೇಗಿರುತ್ತದೆ?

"ಬೋಟಾ? ಸೈನೈಡ್ ದಿಬ್ಬದ ಮೇಲೆ ಓಡಿಸ್ತೀರಾ?" ಎಂದು ಒಬ್ಬ ಮುದುಕ ಗೇಲಿ ಮಾಡಿದ. ಗಣಿಯಿಂದ ತೆಗೆದ ಬೂದುಮಣ್ಣಿನ ಗುಡ್ಡ ಅವನ ಮನೆಯ ಹಿಂದೆಯೇ ಇತ್ತು. ಪಾಟಿ ಅವನಿಗೆ ತಮಿಳಿನಲ್ಲಿ ಏನೋ ಹೇಳಿದಳು. ಮುದುಕನ ನಗು ನಿಂತಿತು. ಒಳಗೆ ಹೋಗಿ ಬಂದು ನೋಟು ಮಡಿಚಿ ಅವಳ ಕೈಗಿಟ್ಟ. ಏನು ಹೇಳಿದಿರಿ ಎಂದು ಕೇಳಿದರೆ, "ನಿನ್ನ ಹೆಂಡ್ತಿ ನನ್ನ ಪಕ್ಕದಲ್ಲೇ ನಿಂತು ಕಾಯ್ತಿದ್ಳು ಅಂದೆ," ಎಂದಳು.

ಬಂದದ್ದು ಸಾಲದಾದಾಗ ಲೈನಿನ ಹೆಂಗಸರೇ ಒಂದು ಯೋಚನೆ ಮಾಡಿದರು. ಒಂದು ಭಾನುವಾರ ಮೈದಾನದಲ್ಲಿ ಮುದ್ದೆ, ಮೀನುಸಾರಿನ ಊಟ ಹಾಕುವುದು. ಉಂಡವರು ಇಷ್ಟ ಬಂದಷ್ಟು ಕೊಡುವುದು. ಮೀನು ನಮ್ಮ ಕೆರೆಯದೇ. ಯಾವ ಮೀನಿಗಾಗಿ ದೋಣಿ ಬೇಕೋ ಆ ಮೀನನ್ನು ಜನ ತಿಂದು ನೋಡಲಿ ಎಂದು.

ಆ ಭಾನುವಾರ ಬೆಳಿಗ್ಗೆ ಮೀನು ತರಲು ನಾನು ಗೂಡ್ಸ್ ಆಟೋದಲ್ಲಿ ಊರಿಗೆ ಹೋದೆ. ಮಂಜು ಬಿದ್ದಿತ್ತು. ನಮ್ಮ ಕಡೆ ಚಳಿಗಾಲದಲ್ಲಿ ಮಂಜು ಹೊಸದೇನಲ್ಲ. ಆದರೆ ಅವತ್ತು ಕಟ್ಟೆಯ ಮೇಲೆ ನಿಂತರೆ ನನ್ನ ಕಾಲ ಬುಡದ ಕಲ್ಲು ಕಾಣುತ್ತಿತ್ತು, ಅದರಾಚೆ ಕೆರೆಯೇ ಇರಲಿಲ್ಲ. ಬಿಳಿ ಗೋಡೆ. ನೀರು ಕಲ್ಲಿಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಉಳಿದವರು ಮಂಜು ಕವಿಯುವ ಮೊದಲೇ ಬಲೆ ಎತ್ತಿಕೊಂಡು ಬಂದಿದ್ದರು. ತಮ್ಮ ಬಂದಿರಲಿಲ್ಲ.

"ಊಟಕ್ಕೆ ಮೀನು ಸಾಲಲ್ಲ, ಇನ್ನೊಂದು ಬಲೆ ಎತ್ಕೊಂಡು ಬತ್ತೀನಿ ಅಂದ್ರು ಅಕ್ಕ," ಎಂದಳು ಅವನ ಹೆಂಡತಿ. ಶಾಲನ್ನು ತಲೆಗೆ ಸುತ್ತಿಕೊಂಡು ಕಟ್ಟೆಯ ಅಂಚಿನಲ್ಲಿ ನಿಂತಿದ್ದಳು. "ಆಗ್ಲೇ ಬರ್ಬೇಕಾಗಿತ್ತು."

ಊಟಕ್ಕೆ. ನಾನು ಇಟ್ಟುಕೊಂಡ ಊಟಕ್ಕೆ.

ನಾವು ಕೂಗಿದೆವು. ಮಂಜಿನಲ್ಲಿ ಕೂಗು ಮುಂದೆ ಹೋಗುವುದಿಲ್ಲ, ಬಾಯಿಯ ಹತ್ತಿರವೇ ಒದ್ದೆಯಾಗಿ ಬಿದ್ದುಹೋಗುತ್ತದೆ. ಒಂದು ಸಲ ದೂರದಿಂದ "ಓ" ಎಂದ ಹಾಗೆ ಕೇಳಿಸಿತು.

"ಅದು ಅವರ ದನಿ ಅಲ್ವಾ ಅಕ್ಕ? ತೂಬಿನ ಕಡೆಯಿಂದ!"

ನನಗೆ ಅದು ಎದುರಿನ ಕೋಡಿಯ ಕಡೆಯಿಂದ ಕೇಳಿಸಿತ್ತು. ಕೋಡಿಯಲ್ಲಿ ನೀರು ಇನ್ನೂ ಹರಿದು ಬೀಳುತ್ತಿತ್ತು. ಅಲ್ಲಿಗೆ ಸಿಕ್ಕರೆ ಟ್ಯೂಬು ಉರುಳಿ ಕಲ್ಲಿನ ಮೇಲೆ ಬೀಳುತ್ತದೆ. ಪಕ್ಕದಲ್ಲಿದ್ದವನೊಬ್ಬ ಅದು ಕೊಕ್ಕರೆ ಎಂದ. ಮತ್ತೆ ಏನೂ ಕೇಳಲಿಲ್ಲ. ಇಬ್ಬರು ಟ್ಯೂಬು ಹಿಡಿದು ಇಳಿಯಲು ಹೊರಟರು. ವಯಸ್ಸಾದವರು ಬೇಡವೆಂದು ತಡೆದರು. ಮಂಜಿನಲ್ಲಿ ಹುಡುಕಲು ಹೋದವರನ್ನು ಹುಡುಕುವುದು ಯಾರು? ಅವನ ಹೆಂಡತಿ ಮೀನು ತುಂಬುವ ಸ್ಟೀಲ್ ಬೋಗುಣಿಯನ್ನು ಬೋರಲು ಹಾಕಿ ಕಲ್ಲಿನಿಂದ ಬಡಿಯತೊಡಗಿದಳು. ನಾನೂ ಒಂದು ತಟ್ಟೆ ತೆಗೆದುಕೊಂಡೆ. ಬಡಿದೆವು, ನಿಲ್ಲಿಸಿದೆವು, ಕಿವಿಗೊಟ್ಟೆವು, ಮತ್ತೆ ಬಡಿದೆವು. ನಿಲ್ಲಿಸಿದಾಗಲೇ ಹೆಚ್ಚು ಭಯವಾಗುತ್ತಿತ್ತು. ಆ ಮೌನದಲ್ಲಿ ನನಗೆ ಕೆರೆಯ ತಳ ಕಾಣುತ್ತಿತ್ತು. ಇಟ್ಟಿಗೆ ಗುಂಡಿ, ಮೇಕೆ ಹಾದಿ, ಕಲ್ಲುಬಾವಿಯ ಬಾಯಿ. ಅವನು ಅದರ ಮೇಲೆಯೇ ಎಲ್ಲೋ ಇದ್ದಾನೆ. ಅಥವಾ ಇಲ್ಲ.

ಮನೆಯಿಂದ ಅವ್ವ ನಿಧಾನಕ್ಕೆ ಬಂದು ನಮ್ಮ ಹಿಂದೆ ನಿಂತದ್ದು ನನಗೆ ತಿಳಿಯಲೇ ಇಲ್ಲ. ಗಂಗಮ್ಮನಿಗೆ ಕೈ ಮುಗಿದು ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ನಾನು ಅವಳ ಮುಖವನ್ನು ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ.

ಬಿಸಿಲು ಏರಿದ ಮೇಲೆ ಮಂಜು ಮೇಲಿನಿಂದ ತೆಳ್ಳಗಾಗುತ್ತ ಬಂತು. ಮೊದಲು ಆಚೆ ದಡದ ನೀಲಗಿರಿ ಮರಗಳ ತಲೆ ಕಂಡವು. ಆಮೇಲೆ ನೀರಿನ ಮೇಲೆ ಬೆಳ್ಳಗಿನ ಜಾಲಿ ತುದಿಗಳು. ಅವುಗಳಲ್ಲಿ ಒಂದು ದಪ್ಪಗಿತ್ತು. ಕೋಡಿಯಿಂದ ಸ್ವಲ್ಪವೇ ಈಚೆ.

"ಅಗೋ!" ಎಂದು ಅವನ ಹೆಂಡತಿ ಬೋಗುಣಿ ಬಿಟ್ಟು ಓಡಿದಳು.

ಅವನು ಲುಂಗಿ ಬಿಚ್ಚಿ ಟ್ಯೂಬನ್ನು ಮರದ ತುದಿಗೆ ಕಟ್ಟಿ, ಅದನ್ನು ಅಪ್ಪಿಕೊಂಡು ಕೂತಿದ್ದ. ಈಗ ದಾರಿ ಕಾಣುತ್ತಿದ್ದುದರಿಂದ ಇಬ್ಬರು ಹೋಗಿ ಅವನನ್ನು ಕರೆತಂದರು. ನಾವು ಬಡಿದದ್ದು ಅವನಿಗೆ ಕೇಳಿಸಿತ್ತಂತೆ. ಆದರೆ ಸದ್ದು ಎಲ್ಲ ಕಡೆಯಿಂದಲೂ ಬಂದ ಹಾಗಾಗಿ, ಅದನ್ನೇ ನಂಬಿ ಹೊರಟವನು ಕೋಡಿಯ ಹತ್ತಿರ ಹೋಗಿಬಿಟ್ಟಿದ್ದ. ನೀರು ಕಾಲನ್ನು ಎಳೆಯತೊಡಗಿದಾಗ ಬಲೆಯನ್ನೂ ಮೀನನ್ನೂ ಬಿಟ್ಟು, ಕೈಗೆ ಸಿಕ್ಕ ಮರಕ್ಕೆ ತನ್ನನ್ನು ಕಟ್ಟಿಕೊಂಡ. ಆಮೇಲೆ ಕೂಗಲಿಲ್ಲ. ಕೂಗಿದರೆ ಯಾರಾದರೂ ನೀರಿಗೆ ಇಳಿದುಬಿಡುತ್ತಾರೆ ಎಂದು.

ದಡದಲ್ಲಿ ನನ್ನ ಕೈ ಹಿಡಿದುಕೊಂಡ. ಈ ಸಲ ನಗಲಿಲ್ಲ.

"ಎದರ್ಕೊಂಬುಟ್ಟೆ ಅಕ್ಕ," ಎಂದ. "ತುಂಬ ಎದರ್ಕೊಂಬುಟ್ಟೆ."

ಅವನ ಬಾಯಿಂದ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಾವಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನನ್ನನ್ನು ಹೆದರಿಸುತ್ತಿದ್ದವನು ಅವನು. ಅವ್ವ ತನ್ನ ಸೆರಗಿನಿಂದ ಅವನ ತಲೆ ಒರೆಸಿದಳು, ಆಮೇಲೆ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಅತ್ತಳು.

ಉಳಿದವರು ಹಿಡಿದಿದ್ದ ಅಷ್ಟಿಷ್ಟು ಮೀನು ತುಂಬಿಕೊಂಡು ನಾನು ಲೈನಿಗೆ ಮರಳಿದೆ. ಮೈದಾನದಲ್ಲಿ ಒಲೆ ಉರಿಯುತ್ತಿತ್ತು, ಪಾಟಿ ಹುಣಿಸೆಹಣ್ಣು ಕಿವುಚುತ್ತಿದ್ದಳು. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ.

"ಇದೆಲ್ಲ ಬೇಡ ಪಾಟಿ. ಎತ್ತಿರೋ ದುಡ್ಡು ಅವರವರಿಗೆ ವಾಪಸ್ ಕೊಟ್ಟುಬಿಡೋಣ. ನಾನೇ ದೋಣಿ ಕೊಡಿಸಿ, ಆ ದೋಣೀಲೇ ಅವನಿಗೆ ಏನಾದ್ರೂ ಆದ್ರೆ? ಆಮೇಲೆ ನಾನು ಅವ್ವನಿಗೆ ಹೆಂಗೆ ಮುಖ ತೋರಿಸ್ಲಿ?"

ಪಾಟಿ ಕೈ ತೊಳೆದುಕೊಂಡಳು.

"ನೀ ಬೋಟ್ ಕೊಡ್ಸಲ್ಲ ಅಂತ ಇಟ್ಕೋ. ನಾಳೆ ಅವ್ನು ನೀರಿಗೆ ಓಗಲ್ವಾ?"

ನಾನು ನೆಲಕ್ಕೆ ಬಿದ್ದ ಹುಣಿಸೆಬೀಜ ಆಯತೊಡಗಿದೆ.

"ಓಗ್ತಾನೆ. ಅದೇ ಟ್ಯೂಬಲ್ಲಿ ಓಗ್ತಾನೆ. ನಿನ್ ಬಯಂ ನಂಗೆ ಗೊತ್ತಮ್ಮ, ಅದು ಎಲ್ಲೂ ಓಗಲ್ಲ. ಇರ್ಲಿ ಬಿಡು. ಬಯ ಇದ್ರೂ ಸಾರು ಕುದೀಬೇಕಲ್ಲ? ಏಳು, ಈರುಳ್ಳಿ ಎಚ್ಚು."

ಮೀನು ಕಡಿಮೆಯಾಗಿತ್ತು. ಪಾಟಿ ಸಾರಿಗೆ ಬದನೆಕಾಯಿ ಹಾಕಿ, ಲೈನಿನ ಮನೆಗಳಲ್ಲಿದ್ದ ಒಣಮೀನನ್ನೆಲ್ಲ ತರಿಸಿ ಸುರಿದಳು. ಮೊದಲು ಬಂದವರಿಗೆ ತುಂಡು ಸಿಕ್ಕಿತು, ಆಮೇಲೆ ಬಂದವರಿಗೆ ಸಾರು ಮಾತ್ರ. ಯಾರೂ ಗೊಣಗಲಿಲ್ಲ. ಬೆಳಿಗ್ಗೆ ನಡೆದದ್ದು ಅಷ್ಟು ಹೊತ್ತಿಗೆ ಲೈನೆಲ್ಲ ಹರಡಿತ್ತು. ಗಣಿಯಲ್ಲಿ ದುಡಿದ ಮುದುಕರು ಮುದ್ದೆ ಮುರಿಯುತ್ತ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಮಂಜು ಎಂದಾಗ ಅವರು ಆಡುತ್ತಿದ್ದದ್ದು ಭೂಮಿಯೊಳಗೆ ದೀಪ ಆರಿದ ಹೊತ್ತಿನ ಮಾತು. ಸೈನೈಡ್ ದಿಬ್ಬದ ಮುದುಕ ನನ್ನ ಹತ್ತಿರ ಬಂದು, "ತಮ್ಮ ಸಿಕ್ಕಿದನಾ?" ಎಂದು ಕೇಳಿದ. ಸಿಕ್ಕಿದ ಎಂದೆ. "ಹಂಗಾದ್ರೆ ಇನ್ನೊಂದು ಸೌಟು ಸಾರು ಹಾಕು," ಎಂದು ತಟ್ಟೆ ಚಾಚಿದ.

ಸಂಜೆಗೆ ಪಾತ್ರೆ ತೊಳೆಯುವಾಗ ದೋಣಿಗೆ ಸಾಕಾಗುವಷ್ಟು ಆಗಿದೆ ಎಂದು ಹೆಂಗಸರು ಹೇಳಿದರು. ಮುಂದಿನ ಭಾನುವಾರ ಊರಿಗೆ ಹೋಗಿ ನಾನು ಒಂದೇ ಪಟ್ಟು ಹಿಡಿದೆ. ದೋಣಿಯ ಜೊತೆ ತೇಲುವ ಜಾಕೆಟ್ಟುಗಳೂ ಬರಬೇಕು, ಅದಿಲ್ಲದೆ ಹಣ ಕೊಡುವುದಿಲ್ಲ. ಊರಿನ ಗಂಡಸರು ನಕ್ಕರು. ಅದನ್ನು ಹಾಕಿಕೊಂಡು ಬಲೆ ಬೀಸಲಾಗುವುದಿಲ್ಲ, ಮದುವಣಗಿತ್ತಿಯ ಹಾಗೆ ಬಿಗಿದುಕೊಂಡು ಕೂರಬೇಕಾಗುತ್ತದೆ ಎಂದರು.

"ಅಕ್ಕ ಏಳಿದಂಗೆ ಆಗ್ಲಿ," ಎಂದ ನನ್ನ ತಮ್ಮ. ಅವನು ಹೇಳಿದ ಮೇಲೆ ಮಾತು ನಿಂತಿತು.

ಫೈಬರ್ ದೋಣಿ ತಮಿಳುನಾಡಿನ ಕಡೆಯಿಂದ ಟೆಂಪೋದಲ್ಲಿ ಬಂತು. ಬಂಗಾರಪೇಟೆಯ ರೈಲ್ವೆ ಗೇಟಿನಲ್ಲಿ ಟೆಂಪೋ ನಿಂತಾಗ ಜನ ಗುಂಪುಗೂಡಿ ನೋಡಿದರಂತೆ. ಊರಿನಲ್ಲಿ ಅದಕ್ಕೆ ಅರಿಶಿನ ಹಚ್ಚಿ, ನಿಂಬೆಹಣ್ಣು ಕಟ್ಟಿ, ಗಂಗಮ್ಮನಿಗೆ ಕಾಯಿ ಒಡೆದರು. ಪಾಟಿಯನ್ನು ಕರೆದುಕೊಂಡು ಹೋಗಿದ್ದೆ. ಪೂಜೆಯಾದ ಮೇಲೆ ತಮ್ಮ ನನ್ನ ಕಡೆ ಕೈ ಚಾಚಿದ.

"ಬಾ ಅಕ್ಕ. ಮೊದ್ಲು ನೀನೇ ಕೂತ್ಕಾಬೇಕು."

ಆಗುವುದಿಲ್ಲ ಎಂದೆ. ಎಲ್ಲರೂ ನೋಡುತ್ತಿದ್ದರು. ಪಾಟಿ ಬೆನ್ನ ಮೇಲೆ ಕೈ ಇಟ್ಟು ಮೆಲ್ಲಗೆ ತಳ್ಳಿದಳು. ಹೇಗೆ ಹತ್ತಿದೆನೋ ಗೊತ್ತಿಲ್ಲ. ಜಾಕೆಟ್ಟಿನ ಪಟ್ಟಿಯನ್ನು ತಮ್ಮನೇ ಬಿಗಿದ. ಹುಟ್ಟು ಹಾಕಿದ ಹಾಗೆಲ್ಲ ದಡ ಹಿಂದೆ ಸರಿಯಿತು. ಸ್ವಲ್ಪ ದೂರ ಹೋಗಿರಬೇಕು, ದೋಣಿಯ ಅಡಿಯಲ್ಲಿ ಕರ್ ಎಂದು ಏನೋ ಗೀರಿತು. ದೋಣಿ ಒಂದು ಕಡೆಗೆ ವಾಲಿತು. ನಾನು ಕಿರುಚಿ ಅವನ ಮಣಿಕಟ್ಟು ಹಿಡಿದೆ.

"ಜಾಲಿ ಕಣಕ್ಕ. ಗೀರ್ತದೆ ಅಷ್ಟೆ. ಇದಕ್ಕೆ ಚುಚ್ಚಕ್ಕಾಗಲ್ಲ."

ಕಣ್ಣು ಬಿಟ್ಟು ಬಗ್ಗಿ ನೋಡಿದೆ. ಹಸಿರು ನೀರಿನೊಳಗೆ ಕೊಂಬೆಗಳು, ಅವುಗಳ ಮೇಲೆ ಪಾಚಿ, ನಡುವೆ ಸಣ್ಣ ಮೀನುಗಳು ಓಡಾಡುತ್ತಿದ್ದವು. ಅದರಾಚೆ ಕಪ್ಪು. ಮೇಕೆ ಹಾದಿ ಅಲ್ಲೇ ಎಲ್ಲೋ ಇತ್ತು.

"ಬಾವಿ ಎಲ್ಲಿ ಬರ್ತದೆ?" ಎಂದು ಕೇಳಿದೆ.

"ಅಲ್ಲಿ," ಎಂದು ಹುಟ್ಟಿನಿಂದ ತೋರಿಸಿದ. ನೀರು ಅಲ್ಲೂ ಬೇರೆ ಕಡೆಯ ಹಾಗೆಯೇ ಇತ್ತು. "ಅದ್ರ ಹತ್ರ ಓಗೋದು ಬ್ಯಾಡ," ಎಂದು ತಾನೇ ದೋಣಿ ತಿರುಗಿಸಿದ. ಅವನಿಗೂ ಅದರ ನೆನಪಿದೆ ಎಂದು ಆಗ ಗೊತ್ತಾಯಿತು. ದಡಕ್ಕೆ ಬರುವ ತನಕ ನಾನು ಅವನ ಕೈ ಬಿಡಲಿಲ್ಲ, ಒಂದೇ ಕೈಯಲ್ಲಿ ಹುಟ್ಟು ಹಾಕಿಕೊಂಡೇ ಬಂದ.

ದೋಣಿ ಬಂದ ಮೇಲೆ ಯಾರ ಟ್ಯೂಬೂ ಕುಸಿದಿಲ್ಲ, ಟ್ಯೂಬಿನಲ್ಲಿ ಯಾರೂ ಹೋಗುವುದೂ ಇಲ್ಲ. ಮಂಜು ಬಿದ್ದ ದಿನ ಮಂಜು ಕರಗುವ ತನಕ ಇಳಿಯಬಾರದೆಂದು ಅವರೇ ಮಾತು ಮಾಡಿಕೊಂಡಿದ್ದಾರೆ. ಮೀನು ಬಂಗಾರಪೇಟೆಗೂ ನಮ್ಮ ಲೈನಿಗೂ ಬರುತ್ತದೆ. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಪಾಟಿ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಾಳೆ.

"ಬಂದ್ನಾ?" ಎನ್ನುತ್ತಾಳೆ.

ದಡ ಸೇರಿದ ಕೂಡಲೇ ತಮ್ಮ ಫೋನ್ ಮಾಡುತ್ತಾನೆ. ಬಂದ ದಿನ ಬಂದ ಎನ್ನುತ್ತೇನೆ. ಕಳೆದ ವಾರ ಗಾಳಿ ಜೋರಾಗಿತ್ತು, ನಾನು ಹೊರಡುವ ಹೊತ್ತಾದರೂ ಫೋನ್ ಬಂದಿರಲಿಲ್ಲ. ಇನ್ನೂ ಇಲ್ಲ ಪಾಟಿ ಎಂದೆ. ಅವಳು ಮೆಟ್ಟಿಲ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದಳು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕ ಕೂತೆ. ಮೊದಲ ಬಸ್ಸು ಹೋಯಿತು. ಎರಡನೆಯ ಬಸ್ಸು ತಿರುವಿನಲ್ಲಿ ಹಾರನ್ ಹಾಕುವಾಗ ತಮ್ಮನ ಫೋನ್ ಬಂತು.